ತೂಬಿಲ್ಲದ ನೀರು

ಭರಚುಕ್ಕಿ ಜಲಪಾತವನ್ನು ಮೊದಲ ಸಲ ನೋಡಿದವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ, ಇಲ್ಲವೇ ಫೋನು ತೆಗೆಯುತ್ತಾರೆ. ನಮ್ಮಪ್ಪನಿಗೆ ಮಾತ್ರ ಸಿಟ್ಟು ಬಂತು. ನೆನೆಸಿಕೊಂಡರೆ ಇವತ್ತಿಗೂ ನಗು ಬರುತ್ತದೆ.

ಅಪ್ಪ ಕಬಿನಿಯ, ಅಂದರೆ ನಮ್ಮ ಕಪಿಲೆಯ, ಹುಲ್ಲಹಳ್ಳಿ ನಾಲೆಯಲ್ಲಿ ನೀರುಗಂಟಿಯಾಗಿದ್ದವರು. ಯಾರ ಗದ್ದೆಗೆ ಯಾವಾಗ ನೀರು, ಎಷ್ಟು ಹೊತ್ತು ನೀರು ಎಂದು ಸರದಿ ನೋಡಿ ತೂಬು ತೆಗೆಯುವುದು, ಮುಚ್ಚುವುದು ಅವರ ಕೆಲಸ. ಮನೆಯಲ್ಲೂ ಅದೇ ಕಾವಲು. ನಾವು ಹೆಣ್ಣುಮಕ್ಕಳು ಬಿಂದಿಗೆ ತುಳುಕಿಸಿಕೊಂಡು ಬಂದರೆ, "ನೀರೇನು ನಿಮ್ಮಪ್ಪನ ಮನೇದಾ?" ಎಂದು ಗದರುತ್ತಿದ್ದರು. ನಮ್ಮಪ್ಪ ನೀವೇ ಅಲ್ಲವಾ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಚಿಕ್ಕಪ್ಪನ ಗದ್ದೆ ನಾಲೆಯ ಕಟ್ಟಕಡೆಗಿತ್ತು. ಅಲ್ಲಿಗೆ ನೀರು ತಲುಪುವಷ್ಟರಲ್ಲಿ ಸರದಿಯೇ ಮುಗಿಯುತ್ತಿತ್ತು. ಒಂದು ವರ್ಷ ಮಳೆ ಕೈಕೊಟ್ಟು, ಭತ್ತ ಹಾಲುಗಟ್ಟುವ ಹೊತ್ತಿಗೆ ನಾಲೆ ಸೊರಗಿತು. ಚಿಕ್ಕಪ್ಪನ ಅರ್ಧ ಗದ್ದೆಯೂ ನೆನೆದಿರಲಿಲ್ಲ, ಸರದಿ ಮುಗಿಯಿತೆಂದು ಅಪ್ಪ ಗುದ್ದಲಿ ಹಿಡಿದು ಬಂದು ನಿಂತರು.

"ಇನ್ನೊಂದು ಗಳಿಗೆ ಬುಡಣ್ಣ, ಕೈ ಮುಗೀತೀನಿ," ಎಂದರಂತೆ ಚಿಕ್ಕಪ್ಪ.

"ಊರೋರ್ಗೊಂದು ನ್ಯಾಯ, ನನ್ ತಮ್ಮಂಗೊಂದು ನ್ಯಾಯ ಇಲ್ಲ ಕಣ್ಲಾ," ಎಂದು ಅಪ್ಪ ತೂಬು ಮುಚ್ಚಿದರು. ಪೈರೆಲ್ಲ ಜೊಳ್ಳಾಯಿತು. ಊರು ಅಪ್ಪನನ್ನು ಧರ್ಮರಾಯ ಎಂದು ಕೊಂಡಾಡಿತು. ಚಿಕ್ಕಪ್ಪ ಹೆಂಡತಿಯ ಊರು ಸೋಸಲೆಗೆ ಹೋಗಿ ನೆಲೆಸಿದರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರಲ್ಲ, ಹಾಗಾಯಿತು. ಆಮೇಲೆ ಒಬ್ಬರು ಕೂತ ಪಂಕ್ತಿಯಲ್ಲಿ ಇನ್ನೊಬ್ಬರು ಕೂರಲಿಲ್ಲ.

ಹಾಗೇ ಕಾಲ ಹೋಗುತ್ತಿತ್ತೇನೋ, ಆದರೆ ನನ್ನ ತಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ಎಲ್ಲರ ಮನೆಯಲ್ಲಿ ಮದುವೆಗೆ ಮುಂಚೆ ಮುತ್ತೈದೆಯರು ಗಂಗೆ ತರುತ್ತಾರೆ. ನೀರುಗಂಟಿಗಳ ಮನೆತನವಾದ್ದರಿಂದಲೋ ಏನೋ, ನಮ್ಮಲ್ಲಿ ಗಂಡಸರು ತರಬೇಕು. ಹಿರಿಯ ಹೊಳೆಗಿಳಿದು ಕೊಡ ತುಂಬಬೇಕು, ಒಡಹುಟ್ಟಿದವನು ಮೆಟ್ಟಿಲ ಮೇಲೆ ನಿಂತು ಅದನ್ನು ಹೆಗಲಿಗೆ ತೆಗೆದುಕೊಳ್ಳಬೇಕು. ಮೊಮ್ಮಗಳು ಅಜ್ಜನ ಮುಖಕ್ಕೇ ಹೇಳಿಬಿಟ್ಟಳು: "ಚಿಕ್ಕಜ್ಜ ಹೊತ್ತ ನೀರೇ ನನ್ನ ತಲೆ ಮೇಲೆ ಬೀಳಬೇಕು. ಇಲ್ಲಾಂದ್ರೆ ನಲ್ಲಿ ನೀರೇ ಸಾಕು, ಶಾಸ್ತ್ರಾನೇ ಬೇಡ." ಅಪ್ಪ ಆ ದಿನ ಊಟ ಬಿಟ್ಟರು. ತಮ್ಮನನ್ನು ಕರೆಯಲು ಬಾಯಿ ಬರದು, ಶಾಸ್ತ್ರ ಬಿಡಲು ಮನಸ್ಸು ಬಾರದು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಎರಡೇ ಹೇಳಿದೆ. ಆಷಾಢದಲ್ಲಿ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು, ನಂಜನಗೂಡಿನಲ್ಲಿ ಕಪಿಲೆ ಸ್ನಾನಘಟ್ಟದ ಮಂಟಪದ ಕಂಬಗಳನ್ನೇ ನುಂಗುತ್ತಿದ್ದಳು. ಈಗ ಭರಚುಕ್ಕಿ ನೋಡದಿದ್ದರೆ ಇನ್ಯಾವಾಗ ಎಂದು ವ್ಯಾನು ಮಾಡಿಸಿದೆ. ಚಿಕ್ಕಪ್ಪನಿಗೆ ಫೋನು ಮಾಡಿ ಅಪ್ಪ ಬರುವುದಿಲ್ಲ ಎಂದೆ. ಅಪ್ಪನಿಗೆ ಚಿಕ್ಕಪ್ಪ ಬರುವುದಿಲ್ಲ ಎಂದೆ. ಟಿ. ನರಸೀಪುರ ದಾಟಿ ಸೋಸಲೆಯಲ್ಲಿ ವ್ಯಾನು ನಿಂತಾಗ ಇಬ್ಬರೂ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ನೋಡಿಕೊಳ್ಳಲಿ ಬಿಡಿ, ನಾನೂ ಅದೇ ಮನೆಯ ರಕ್ತ. ಅಪ್ಪ ಡ್ರೈವರ್ ಪಕ್ಕ, ಚಿಕ್ಕಪ್ಪ ಕೊನೆಯ ಸೀಟು. ನಡುವೆ ನಾವು ಹೆಂಗಸರು ಪುಳಿಯೋಗರೆ ಡಬ್ಬಿ ಇಟ್ಟುಕೊಂಡು ಕೂತೆವು.

ದಾರಿಯುದ್ದಕ್ಕೂ ನನ್ನದೇ ಬಾಯಿ. ಶಿವನಸಮುದ್ರದ ಹತ್ತಿರ ಕಾವೇರಿ ಎರಡು ಕವಲಾಗಿ ನಡುಗಡ್ಡೆಯೊಂದನ್ನು ತಬ್ಬಿಕೊಂಡು, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಬೀಳುತ್ತಾಳೆ ಎಂದೆ. ಮಹಾರಾಜರ ಕಾಲದಲ್ಲೇ ಇಲ್ಲಿ ಕರೆಂಟು ತೆಗೆದು, ಕೋಲಾರದ ಚಿನ್ನದ ಗಣಿಯವರೆಗೂ ತಂತಿ ಎಳೆದರು ಎಂದೆ. ಹೊಳೆಗೆ ಅಡ್ಡಲಾಗಿ ಕಲ್ಲುಕಂಬಗಳ ಹಳೇ ಸೇತುವೆ ಕಂಡಾಗ ಅದನ್ನೂ ತೋರಿಸಿದೆ. ಕೆಂಪು ಪ್ರವಾಹ ಆ ಕಂಬಗಳನ್ನು ಗುದ್ದಿ ಗುದ್ದಿ ಹೋಗುತ್ತಿತ್ತು. ಮುಂದಿನ ಸೀಟು ಎಡಕ್ಕೆ ನೋಡಿತು, ಹಿಂದಿನ ಸೀಟು ಬಲಕ್ಕೆ ನೋಡಿತು.

ಭರಚುಕ್ಕಿಯ ಪಾರ್ಕಿನಲ್ಲಿ ಇಳಿದರೆ ಮೊದಲು ಸಿಕ್ಕಿದ್ದು ಹುರಿಗಡಲೆ ಗಾಡಿ, ಮಂಗಗಳು, ಅಂದವಾಗಿ ಕತ್ತರಿಸಿದ ಗಿಡಗಳು, ಕಲ್ಲುಬೆಂಚುಗಳು. ಕೆಳಗೆ ಇಳಿಯುವ ಮೆಟ್ಟಿಲಿಗೆ ಪ್ರವಾಹವೆಂದು ಬೀಗ ಹಾಕಿದ್ದರು, ತೆಪ್ಪಗಳೂ ಇರಲಿಲ್ಲ. ನೀರು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಆದರೆ ನೆಲ ಅಂಗಾಲಿನಲ್ಲಿ ಗುಡುಗುಡು ಅನ್ನುತ್ತಿತ್ತು. ಹತ್ತು ಹೆಜ್ಜೆ ಹೋಗಿ ಕಂಬಿ ಹಿಡಿದೆವು.

ಅಯ್ಯೋ ಶಿವನೇ! ಬೆಟ್ಟದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೀರೇ ನೀರು. ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಎಂದು ನೋಡಲು ಕತ್ತನ್ನೇ ತಿರುಗಿಸಬೇಕು. ಕೆಂಪಗೆ ಬಂದದ್ದು ಬಂಡೆಯ ಅಂಚಿನಲ್ಲಿ ಬೆಳ್ಳಗೆ ಒಡೆದು, ಪಾತಾಳಕ್ಕೆ ಬಿದ್ದು, ಹೊಗೆಯಾಗಿ ನಮ್ಮ ಮುಖಕ್ಕೇ ಎದ್ದು ಬರುತ್ತಿತ್ತು. ಕೈ ತಾನಾಗೇ ಮುಗಿದುಕೊಂಡಿತು. ಹೆದರಿಕೆಯೋ ಭಕ್ತಿಯೋ ತಿಳಿಯಲಿಲ್ಲ, ಅಳು ಬಂದುಬಿಟ್ಟಿತು.

ಪಕ್ಕದಲ್ಲಿ ಅಪ್ಪ ನಡುಗುತ್ತಿದ್ದರು. ಚಳಿಯೇನೋ ಎಂದುಕೊಂಡು ಶಾಲು ಹೊದಿಸಲು ಹೋದೆ. ಅವರು ಕೈ ಎತ್ತಿ ಕೂಗಿದರು, "ಯಾರ್ಲಾ ಇಷ್ಟು ನೀರ ಬುಟ್ಟೋರು? ಏಳೋರು ಕೇಳೋರು ಯಾರೂ ಇಲ್ವಾ? ಪೋಲಾಯ್ತಾ ಅದಲ್ರೋ, ಮುಚ್ರೋ!"

ಸುತ್ತಲಿದ್ದವರು ತಿರುಗಿ ನೋಡಿದರು. ಕಾಲೇಜು ಹುಡುಗರು ಕಿಸಕ್ಕೆಂದರು. ನಾನು ನಾಚಿಕೆಯಿಂದ ಅಪ್ಪನ ತೋಳು ಹಿಡಿದೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಚಿಕ್ಕಪ್ಪನ ದನಿ ಬಂತು.

"ಓಗಣ್ಣ, ಓಗಿ ಮುಚ್ಚು. ಸರದಿ ಮುಗೀತಲ್ಲ!"

ಎಷ್ಟೋ ವರ್ಷಗಳ ಮೇಲೆ ತಮ್ಮ ಅಣ್ಣನಿಗೆ ಆಡಿದ ಮೊದಲ ಮಾತು ಅದು. ಮುಗಿಯಿತು, ಎಲ್ಲ ಕೆಟ್ಟಿತು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದುಕೊಂಡೆ.

ಅಪ್ಪ ತಿರುಗಲಿಲ್ಲ. ನೀರನ್ನೇ ನೋಡುತ್ತಾ ನನ್ನನ್ನು ಕೇಳಿದರು, "ಇದು ಯಾವ್ ನೀರವ್ವಾ?"

"ನಮ್ಮದೇ ಅಪ್ಪ. ನಮ್ಮ ಕಪಿಲೆ ನರಸೀಪುರದಲ್ಲಿ ಕಾವೇರಿಗೆ ಸೇರಿ ಇಲ್ಲಿಗೇ ಬರೋದು."

"ಅಂಗಾರೆ, ನಮ್ ನಾಲೆಗೆ ಬರ್ದೆ ಮಿಕ್ಕಿದ್ದೆಲ್ಲ ಇಲ್ಬಂದು ಬೀಳೋದಾ?"

"ಹೂಂ."

"ನಾನು ಮುಚ್ಚಿದ್ ನೀರೂವಾ?"

ಅಪ್ಪ ಕಂಬಿಯಿಂದ ಕೈ ತೆಗೆದು ತಮ್ಮ ಅಂಗೈ ನೋಡಿಕೊಂಡರು. ಗುದ್ದಲಿ ಹಿಡಿದು ಕಲ್ಲಾಗಿದ್ದ ಅಂಗೈ, ಜಲಪಾತದ ಹನಿಗೆ ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ. ಚಿಕ್ಕಪ್ಪನೂ ಕಂಬಿಯ ಹತ್ತಿರ ಬಂದು ನಿಂತರು. ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಇತ್ತು. ನಾನು ಅಲ್ಲಿಂದ ಮೆಲ್ಲಗೆ ಸರಿದುಕೊಂಡೆ.

ಇನ್ನೇನು ಮಾತಾಡಿದರೋ ಎಂದು ಕೇಳಬೇಡಿ, ಒಂದು ಮಾತೂ ಇಲ್ಲ. ಪುಳಿಯೋಗರೆ ತಿಂದದ್ದೂ ಬೇರೆ ಬೇರೆ ಬೆಂಚಿನಲ್ಲಿ. ವಾಪಸು ಬರುವಾಗಲೂ ಅದೇ ಮುಂದಿನ ಸೀಟು, ಅದೇ ಹಿಂದಿನ ಸೀಟು. ಸೋಸಲೆಯಲ್ಲಿ ಚಿಕ್ಕಪ್ಪ ಇಳಿದು ಹಿಂದೆ ನೋಡದೆ ನಡೆದುಬಿಟ್ಟರು. ನನಗೆ ಬಂದ ಕೋಪಕ್ಕೆ ಇಬ್ಬರನ್ನೂ ಅದೇ ಜಲಪಾತಕ್ಕೆ ತಳ್ಳಿ ಬರಬೇಕಿತ್ತು ಅನ್ನಿಸಿತು.

ಶ್ರಾವಣದಲ್ಲಿ ನಂಜನಗೂಡಿನಲ್ಲೇ ಮದುವೆ. ಸೋಸಲೆಗೂ ಲಗ್ನಪತ್ರಿಕೆ ಕಳಿಸಿದ್ದೆವು. ಬೆಳಗ್ಗೆ ಓಲಗದವರ ಜೊತೆ ಹೊಳೆಗೆ ಹೋದೆವು. ಪ್ರವಾಹ ಇಳಿದು ಮೆಟ್ಟಿಲುಗಳು ತೊಳೆದಿಟ್ಟ ಹಾಗಿದ್ದವು. ಅಪ್ಪ ಕೊಡ ಹಿಡಿದು ಮೊಣಕಾಲುದ್ದ ನೀರಿಗಿಳಿದರು. ಮೆಟ್ಟಿಲ ಮೇಲೆ ನಿಲ್ಲಬೇಕಾದವರ ಜಾಗ ಖಾಲಿ. ಮದುಮಗಳು ನನ್ನ ಕೈ ಹಿಸುಕುತ್ತಿದ್ದಳು. ಓಲಗದವರು ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತು ಶುರು ಮಾಡಿದರು.

ಆಗ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿಕೊಂಡು ಚಿಕ್ಕಪ್ಪ ಇಳಿದು ಬಂದರು. ಯಾರನ್ನೂ ನೋಡಲಿಲ್ಲ. ತಮ್ಮ ಮೆಟ್ಟಿಲ ಮೇಲೆ ನಿಂತು ಹೆಗಲಿಗೆ ಟವೆಲು ಸುತ್ತಿ ಸಿಂಬಿ ಇಟ್ಟುಕೊಂಡರು.

ಅಪ್ಪ ಕೊಡ ಮುಳುಗಿಸಿ, ಎತ್ತಿ, ತಮ್ಮನ ಹೆಗಲ ಮೇಲಿಟ್ಟರು. ಅದು ತುಂಬಿಯೇ ಇತ್ತು. ಆದರೂ ಬೊಗಸೆಯಲ್ಲಿ ನೀರು ಮೊಗೆದು ಕೊಡಕ್ಕೆ ಹಾಕಿದರು. ಮತ್ತೆ ಮೊಗೆದರು, ಮತ್ತೆ ಹಾಕಿದರು. ನೀರು ಕೊಡದ ಬಾಯಿ ತುಂಬಿ ಚಿಕ್ಕಪ್ಪನ ಹೆಗಲು, ಎದೆ, ಪಂಚೆ ಎಲ್ಲ ತೋಯಿಸಿ ಮೆಟ್ಟಿಲ ಮೇಲೆ ಹರಿಯಿತು.

"ಸಾಕು ನಿಲ್ಸಣ್ಣ, ಚೆಲ್ಲೋಯ್ತದೆ," ಎಂದರು ಚಿಕ್ಕಪ್ಪ.

ಜೀವಮಾನವಿಡೀ ಒಂದು ಹನಿ ಚೆಲ್ಲಲು ಬಿಡದಿದ್ದ ನಮ್ಮಪ್ಪ ಇನ್ನೊಂದು ಬೊಗಸೆ ಎತ್ತಿದರು.

"ಚೆಲ್ಲಲಿ ಬುಡ್ಲಾ," ಎಂದರು.