ಗಾಜಿನೊಳಗಿನ ಗೆರಟೆ

ಇನ್ನಂಜೆಯ ದೊಡ್ಡಮನೆಗೆ ಅಪ್ಪಿ ಇಪ್ಪತ್ತೆಂಟು ವರ್ಷ ಮೀನು ಕೊಟ್ಟವಳು. ಕಾಪುವಿನಿಂದ ಬುಟ್ಟಿ ಹೊತ್ತು ಬಂದವಳಿಗೆ ಹಿತ್ತಿಲ ಬಾಗಿಲೇ ಗತಿ. ಊರೂರಲ್ಲಿ ಸಮಾನತೆಯ ಭಾಷಣ ಬಿಗಿಯುತ್ತಿದ್ದ ಮಂತ್ರಿಗಳ ಆ ಮನೆಯಲ್ಲಿ ಅವಳ ಬಾಯಾರಿಕೆಗೆಂದೇ ಒಂದು ತೆಂಗಿನ ಗೆರಟೆ ಇತ್ತು. ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಗುರುತಿಗಿರಲೆಂದು ಅಪ್ಪಿ ಅದರ ಅಂಚಿಗೆ ಮೀನುಕತ್ತಿಯಿಂದ ಮೂರು ಗೀರು ಹಾಕಿದ್ದಳು. ಮುಂದಿನ ಚಾವಡಿಯಲ್ಲಿ ಒಮ್ಮೆಯಾದರೂ ಕೂರಬೇಕೆಂಬ ಆಸೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಮಂತ್ರಿಗಳು ತೀರಿಕೊಂಡ ಮೇಲೆ, ೧೯೮೪ರಲ್ಲಿ, ಮನೆ ಮ್ಯೂಸಿಯಂ ಆಯಿತು. ಅಪ್ಪಿ ಒಳ್ಳೆಯ ಸೀರೆ ಉಟ್ಟು ನೋಡಲು ಬಂದಳು. ಕಾಲು ಮಾತ್ರ ಅಭ್ಯಾಸದಂತೆ ಹಿತ್ತಿಲಿಗೇ ನಡೆಯಿತು.

"ಅಪ್ಪಿಯಕ್ಕಾ, ಅಲ್ಲಿ ಬೀಗ ಉಂಟು. ಈಗ ಎಲ್ಲರೂ ಮುಂದಿನಿಂದಲೇ," ಎಂದ ಕಾವಲಿನ ದೂಮಪ್ಪ.

ಚಾವಡಿಯ ಗಾಜಿನ ಪೆಟ್ಟಿಗೆಯೊಳಗೆ, ರೇಷ್ಮೆಯ ಮೇಲೆ, ಅವಳದೇ ಗೆರಟೆ!

"ಎಂತ ಬರೆದಿದ್ದಾರೆ, ಓದು ಮಾರಾಯ."

ದೂಮಪ್ಪ ಓದಿದ: "ಸರಳಜೀವಿ ಮಂತ್ರಿಗಳು ಗಂಜಿ ಕುಡಿಯುತ್ತಿದ್ದ ಗೆರಟೆ. ಮೂರು ಗೀರುಗಳು ಗೆದ್ದ ಮೂರು ಚುನಾವಣೆಗಳ ನೆನಪು."

ಬೊಂಬಾಯಿಯಲ್ಲಿ ಬೆಳೆದ ಮಂತ್ರಿಗಳ ಸೊಸೆ ಸ್ವರ್ಣಲತಾ ಹಿತ್ತಿಲಲ್ಲಿ ಸಿಕ್ಕಿದ್ದಕ್ಕೆಲ್ಲ ಹೀಗೆ ಚರಿತ್ರೆ ಅಂಟಿಸಿದ್ದಳು.

ಅಪ್ಪಿ ಅಡ್ಡ ಕಟ್ಟಿದ್ದ ಹಗ್ಗ ದಾಟಿ, ಮಂತ್ರಿಗಳ ಆರಾಮಕುರ್ಚಿಯಲ್ಲಿ ಕುಳಿತಳು.

"ಅಯ್ಯೋ, ಏಳಿ! ಅದು ಮಂತ್ರಿಗಳದ್ದು!"

"ಗೆರಟೆ ನನ್ನದು ಮಾರಾಯ. ನನ್ನ ಗೆರಟೆಯಲ್ಲಿ ಅವರು ಗಂಜಿ ಕುಡಿದದ್ದು ಹೌದಾದರೆ, ಅವರ ಕುರ್ಚಿಯಲ್ಲಿ ನಾನು ಕೂತರೆ ಎಂತ ಮೈಲಿಗೆ? ಬರೆದದ್ದು ಸುಳ್ಳು ಅಂತ ಹೇಳು, ಈಗಲೇ ಏಳುತ್ತೇನೆ."

ದೂಮಪ್ಪ ಚೀಟಿಯನ್ನು ಮತ್ತೊಮ್ಮೆ ಓದಿದ. ಆಮೇಲೆ ಒಳಗೆ ಹೋಗಿ, ಲೋಟದಲ್ಲಿ ನೀರು ತಂದು ಅವಳ ಕೈಗೇ ಕೊಟ್ಟ.