ಎತ್ತಿನ ಹಗ್ಗ, ಕುದುರೆಯ ಲಾಳ

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಸೋಮವಾರಪೇಟೆಯ ಸಂತೆ ಮೈದಾನದಲ್ಲಿ, ಲಾಳ ಕಟ್ಟಲು ಕಲಿಯುತ್ತಿದ್ದವರಿಗೆ ಒಂದು ಸ್ಪರ್ಧೆ ನಡೆಯಿತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದಿದ್ದ ನನ್ನ ಕೈಗೆ ಗಡಿಯಾರ ಕೊಟ್ಟು ಹೊತ್ತು ಬರೆದುಕೊಳ್ಳಲು ಹೇಳಿದರು.

ಎಸ್ಟೇಟಿನ ಒಂದು ಮುದಿ ಹೆಣ್ಣುಕುದುರೆ, ಮೂವರು ಸ್ಪರ್ಧಿಗಳು, ತಲಾ ಒಂದು ಕಾಲು. ಬಹುಮಾನ, ಒಂದು ಪೆಟ್ಟಿಗೆ ತುಂಬ ಹೊಸ ಸಲಕರಣೆ. ಮೂವರಲ್ಲಿ ಒಬ್ಬ ನಮ್ಮ ಬೀದಿಯವನು. ಸೋದರಮಾವನ ಬಳಿ ಗಾಡಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ. ಸ್ವಂತದ್ದೆಂದು ಒಂದು ಸುತ್ತಿಗೆಯೂ ಇರಲಿಲ್ಲ. ಮನಸ್ಸು ಬಂದರೆ ಮಾವ ತಮ್ಮದನ್ನು ಕೊಡುವರು. ಇಲ್ಲದ ದಿನ ಎತ್ತಿನ ಕಾಲು ಹಿಡಿಯುವುದೇ ಅವನ ಕೆಲಸ. ಪೆಟ್ಟಿಗೆ ಸಿಕ್ಕರೆ ಬೇರೆ ಕೂತು ದುಡಿಯಬಹುದಿತ್ತು.

ಮೊದಲಿಬ್ಬರು ಚುರುಕಾಗಿ ಮುಗಿಸಿದರು. ಇವನು ಕುದುರೆಯನ್ನೊಮ್ಮೆ ಸುತ್ತಿ ಬಂದು, ನೋಡಲು ಬಂದಿದ್ದ ಮಾವನನ್ನು ಕೇಳಿದ:

“ಮಾವ, ಹಗ್ಗ ಎಲ್ಲಿ?”

ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ ಲಾಳ ಹೊಡೆಯುತ್ತಾರೆ. ಅವನಿಗೆ ಗೊತ್ತಿದ್ದದ್ದು ಅದೊಂದೇ. ಮೈದಾನವೆಲ್ಲ ನಕ್ಕಿತು, ಕೆಡವಿದರೆ ಎಬ್ಬಿಸಲು ಎಸ್ಟೇಟಿನ ದೊರೆಯೇ ಬರಬೇಕು ಎಂದು ಯಾರೋ ಅಂದರು. ಮಾವ ನೆಲ ನೋಡಿದರು. ತೀರ್ಪುಗಾರರಾಗಿದ್ದ, ಕುದುರೆ ದಂಡಿನಿಂದ ನಿವೃತ್ತರಾದ ಮುದುಕ ಸಾಬರು ಮಾತ್ರ ನಗಲಿಲ್ಲ.

“ಹಗ್ಗ ಬೇಡ ಬೇಟಾ. ಮಾತಾಡ್ಸು, ನಿಂತ್ಕೊಳ್ತಾಳೆ.”

ಅವನು ಕುದುರೆಯನ್ನು ‘ಅಕ್ಕ’ ಎಂದು ಕರೆದನೆಂದು ನನ್ನ ನೆನಪು. ಅಂದು ರಾತ್ರಿ ನಾನು ಬರೆದ ದಿನಚರಿಯಲ್ಲಿ ಅದಿಲ್ಲ, ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಬರೆದಿರುವುದು ಇಷ್ಟೆ: ‘ಹಗ್ಗ ಕೇಳಿದ. ಎಲ್ಲರಿಗಿಂತ ನಿಧಾನ.’

ಎತ್ತಿನ ಗೊರಸು ತೆಳು, ಮೊಳೆ ತುಸು ಒಳಗೆ ಹೋದರೂ ಎತ್ತು ಕುಂಟುತ್ತದೆ. ಆ ಭಯದಲ್ಲೇ ಅವನು ಪ್ರತಿ ಮೊಳೆಯನ್ನೂ ಅಂಚಿನಲ್ಲಿಟ್ಟು ಮೆಲ್ಲಗೆ ಬಡಿದ. ಕುದುರೆ ಅಷ್ಟು ಹೊತ್ತೂ ತನ್ನ ಭಾರವನ್ನು ಅವನ ಬೆನ್ನ ಮೇಲೆ ಬಿಟ್ಟು ತೂಕಡಿಸಿತು.

ಸಾಬರು ಒಂದೊಂದೇ ಗೊರಸನ್ನು ಸುತ್ತಿಗೆಯಿಂದ ತಟ್ಟಿದರು. ಮೊದಲನೆಯದನ್ನು ಕುದುರೆ ನೋವಿಗೆ ಥಟ್ಟನೆ ಎಳೆದುಕೊಂಡಿತು. ಎರಡನೆಯದರಲ್ಲಿ ಲಾಳ ಅಲುಗಿತು. ಮೂರನೆಯದಕ್ಕೆ ಅದು ಕಣ್ಣೂ ಬಿಡಲಿಲ್ಲ. ಸಾಬರು ಪೆಟ್ಟಿಗೆಯನ್ನು ಇವನತ್ತ ತಳ್ಳಿದರು. ನನ್ನ ಗಡಿಯಾರದ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಮನೆಗೆ ನಡೆಯುವಾಗ ಪೆಟ್ಟಿಗೆ ಅವನ ತಲೆಯ ಮೇಲಿತ್ತೆಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ದಿನಚರಿ ತೆರೆದರೆ, ಹೊತ್ತದ್ದು ಮಾವ. ಅವನು ಬರಿಗೈಯಲ್ಲಿ ಪಕ್ಕದಲ್ಲಿ ನಡೆಯುತ್ತ ಹೇಳಿದ ಮಾತು ಮಾತ್ರ ನೆನಪು, ದಿನಚರಿ ಎರಡರಲ್ಲೂ ಒಂದೇ:

“ಮಾವ, ಸುತ್ತಿಗೆ ಬೇಕಾದ್ರೆ ಕೇಳಿ. ಮನಸ್ಸು ಬಂದ್ರೆ ಕೊಡ್ತೀನಿ.”