ಕಪ್ಪು ದಾರ ಕಟ್ಟಿದ ಚೀನೀ ಬಟ್ಟಲು

ನನ್ನ ತಂಗಿಯ ಮೇಲೆ ತಪ್ಪು ಬಂದಾಗ ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ಅವಳ ಮಗ್ಗುಲಲ್ಲೇ ಕೂತಿದ್ದೆ, ನಾಲ್ಕು ಮಾತು ಸಾಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದನ್ನು ನೀವು ನಂಬುತ್ತೀರೋ ಇಲ್ಲವೋ ಗೊತ್ತಿಲ್ಲ. ನಂಬದಿದ್ದರೂ ಈ ಒಂದು ಮಾತನ್ನಾದರೂ ನಂಬಿ.

ದೆವ್ವ, ಮಾಟ, ಮೈಮೇಲೆ ಬರುವುದು, ಇಂಥವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಓಣಿಯಲ್ಲಿ ಯಾರಾದರೂ ಆ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದೆ. ನಾನು ಅಕ್ಷರ ಕಲಿತದ್ದು ಮಕ್ಕಳಾದ ಮೇಲೆ, ವಯಸ್ಕರ ಶಾಲೆಯಲ್ಲಿ. ಚಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮ ತವರು ಮಾನ್ವಿ. ಮದುವೆಯಾಗಿ ರಾಯಚೂರಿಗೆ ಬಂದೆ. ಗಂಡ ಸ್ಟೇಷನ್ನಿನಲ್ಲಿ ಹಮಾಲಿ. ನಾನು ಕೋಟೆಯ ಹತ್ತಿರ ಒಬ್ಬ ಜಾಗೀರದಾರ್ ಸಾಹೇಬರ ಮನೆಯಲ್ಲಿ ಕೆಲಸಕ್ಕೆ ಸೇರಿದೆ. ಆಗ ದೊಡ್ಡ ಲಡಾಯಿ ನಡೆದಿತ್ತು. ಒಬ್ಬಳಿಂದ ಕೆಲಸ ತೂಗದಾಗ ತಂಗಿ ಅಂಬವ್ವನನ್ನೂ ಕರೆಸಿಕೊಂಡೆ. ಅವಳಿಗೆ ಹದಿನಾರು ಇದ್ದಿರಬೇಕು. ಸಿರವಾರದಲ್ಲಿ ಗಂಡು ಗೊತ್ತಾಗಿತ್ತು, ಸುಗ್ಗಿ ಮುಗಿದ ಮೇಲೆ ಲಗ್ನವೆಂದು ಮಾತಾಗಿತ್ತು.

ಸಾಹೇಬರಿಗೆ ಹೆಂಡತಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಇದ್ದದ್ದು ಚೀನೀ ಪಿಂಗಾಣಿ ಮತ್ತು ಜಪಾನಿನ ಗೊಂಬೆಗಳು. ಬೊಂಬಾಯಿಯಿಂದ, ಹೈದರಾಬಾದಿನಿಂದ ಮರದ ಪೆಟ್ಟಿಗೆಗಳು ರೈಲಿನಲ್ಲಿ ಬರುತ್ತಿದ್ದವು. ಹೊಸ ಬಟ್ಟಲು ಬಂದರೆ ಅದರ ಬುಡಕ್ಕೆ ನಾಲಿಗೆ ತಾಗಿಸಿ ಅಸಲಿಯೋ ಎಂದು ನೋಡುತ್ತಿದ್ದರು. ಆಮೇಲೆ ಉಗುರಿನಿಂದ ಮೆಲ್ಲಗೆ ಬಡಿದು ಕಿವಿ ಕೊಡುತ್ತಿದ್ದರು. ಗಟ್ಟಿ ಇದ್ದದ್ದು ಸಣ್ಣಗೆ, ಉದ್ದಕ್ಕೆ ನಾದ ಕೊಡುತ್ತದೆ. ಸೀಳು ಬಿಟ್ಟದ್ದು ಒಣ ಕಟ್ಟಿಗೆ ಬಡಿದ ಹಾಗೆ ಅನ್ನುತ್ತದೆ. ಸೀಳು ಬಿಟ್ಟದ್ದನ್ನು ಅವರು ಬಿಸಾಡುತ್ತಿರಲಿಲ್ಲ, ಬುಡದ ಸುತ್ತ ಕಪ್ಪು ದಾರ ಕಟ್ಟಿ ಕಪಾಟಿನ ಹಿಂದಿನ ಸಾಲಿಗೆ ಇಡುತ್ತಿದ್ದರು.

ಗೊಂಬೆಗಳು ಏಳು. ಬಿಳೀ ಮುಖ, ರೇಷ್ಮೆ ಉಡುಪು, ಮನುಷ್ಯರದ್ದೇ ಕೂದಲು. ಆ ಬಿಳುಪು ಚಿಪ್ಪಿನ ಪುಡಿಯದು, ಒದ್ದೆ ಕೈ ತಾಗಿದರೆ ಮುಖ ಕರಗುತ್ತದೆ ಎಂದು ಹತ್ತಿರ ಬಿಡುತ್ತಿರಲಿಲ್ಲ. ಲಡಾಯಿಯಲ್ಲಿ ಜಪಾನಿನವರು ವೈರಿಗಳಾದ ಮೇಲೆ ಆ ಗಾಜಿನ ಕಪಾಟಿಗೆ ಹಾಸಿಗೆಯ ಚಾದರ ಹೊದಿಸಿದ್ದರು. ಧೂಳು ಹೊಡೆಯುವ ದಿನ ಮಾತ್ರ ತೆಗೆಯುತ್ತಿದ್ದೆವು. ಅಂಬವ್ವ ಅವರೆದುರೇ ಕೇಳಿದ್ದಳು, "ಸಾಹೇಬ್ರ, ಇವಕ್ಕ ಲಗ್ನ ಯಾವಾಗ ಮಾಡ್ತೀರಿ? ನೋಡ್ರಿ, ಮುದುಕ್ಯಾರಾಗಾಕತ್ಯಾವ." ಸಾಹೇಬರು ನಕ್ಕಿದ್ದರು. ಅವಳೆಂದರೆ ಅವರಿಗೆ ಅಕ್ಕರೆಯೇ ಇತ್ತು.

ಪ್ರತಿ ಗುರುವಾರ ಪಿಂಗಾಣಿ ತೊಳೆಯುವುದು. ದೋಣಿಯಂಥ ಮರದ ತೊಟ್ಟಿಯೊಳಗೆ ಕೌದಿ ಹಾಸಿ, ಅಂಟುವಾಳದ ನೀರು ಬಿಟ್ಟು, ಒಂದೊಂದಾಗಿ ತೊಳೆಯಬೇಕು. ಕೈಯಲ್ಲಿ ಗಾಜಿನ ಬಳೆ ಇರಬಾರದು. ಆದರೆ ಹೆಣ್ಣುಮಕ್ಕಳು ಬಳೆ ತೆಗೆದು ಬರಿಗೈ ಮಾಡಿಕೊಳ್ಳುವುದುಂಟೇ? ಅದಕ್ಕೇ ಸಾಹೇಬರು ನಮ್ಮಿಬ್ಬರಿಗೂ ಎರಡೆರಡು ಬಟ್ಟೆಯ ಪಟ್ಟಿ ಕೊಟ್ಟಿದ್ದರು. ಬಳೆ ಮುಚ್ಚುವ ಹಾಗೆ ಮುಂಗೈಗೆ ಸುತ್ತಿಕೊಂಡು ನೀರಿಗೆ ಕೈ ಹಾಕಬೇಕು.

ಆ ಗುರುವಾರ ಮಧ್ಯಾಹ್ನ ನಾನು ಪಟ್ಟಿ ಸುತ್ತಿರಲಿಲ್ಲ, ನನ್ನವು ಅಡುಗೆಮನೆಯ ಗೂಟದಲ್ಲೇ ಉಳಿದಿದ್ದವು. ಹಿಂದಿನ ದಿನ ಹೊಸ ಹಸಿರು ಬಳೆ ಇಡಿಸಿಕೊಂಡಿದ್ದೆ. ಮುಚ್ಚಲು ಮನಸ್ಸಾಗಲಿಲ್ಲ, ಅಷ್ಟೇ.

"ಪಟ್ಟಿ ಕಟ್ಕೋ ಬೇ ಅಕ್ಕಾ. ನಿನ್ನ ಹಸರ ಬಳಿ ಯಾರು ನೋಡ್ತಾರ ಇಲ್ಲಿ, ಆ ಗೊಂಬಿಗೋಳಾ?" ಎಂದಳು ಅಂಬವ್ವ.

"ಸುಮ್ನ ತೊಳಿ. ಲಗ್ನಕ್ಕ ಮದ್ಲ ಅತ್ತಿ ಆಗಬ್ಯಾಡ," ಎಂದೆ.

ಮೂರು ಕೆಂಪು ಮೀನು ಬರೆದ ಬಟ್ಟಲು ನನ್ನ ಕೈಯಲ್ಲಿತ್ತು. ಹೊರಳಿಸುವಾಗ ಬಳೆ ತಾಗಿತು. ಸಣ್ಣ ಸದ್ದು. ಅಷ್ಟರಲ್ಲಿ ಅಂಬವ್ವ ತನ್ನ ಪಾಲು ತೊಳೆದು ಮುಗಿಸಿ, ಪಟ್ಟಿಗಳನ್ನು ಬಿಚ್ಚಿ ಹಿಂಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸದ್ದು ಕೇಳಿದವಳೇ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಅಂಚಿನಿಂದ ಒಂದು ಮೀನಿನ ತಲೆಯವರೆಗೆ ಕೂದಲಿನಂಥ ಗೀಟು. ಆಚೆ ಸಾಹೇಬರ ಚಪ್ಪಲಿ ಸದ್ದಾಯಿತು. ನಾನು ಅವಳ ತೊಡೆಯ ಮೇಲಿನ ಪಟ್ಟಿಗಳನ್ನು ತೆಗೆದು ನನ್ನ ಕೈಗೆ ಸುತ್ತಿಕೊಂಡೆ.

ಕೈ ತಾನಾಗಿ ಮಾಡಿತು ಎಂದು ಬರೆಯಬಹುದು. ಅದು ಸುಳ್ಳು. ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ಕೆಲಸ ಹೋದರೆ ಗಂಡ ಹೊಡೆಯುತ್ತಿದ್ದ. ಅವಳು ಹೇಗೂ ಲಗ್ನವಾಗಿ ಹೋಗುವವಳಲ್ಲವೇ ಎಂದೂ ಅಷ್ಟರಲ್ಲೇ ಲೆಕ್ಕ ಹಾಕಿದ್ದೆ.

ಸಾಹೇಬರು ಬಂದು ಬಟ್ಟಲನ್ನು ಈಸಿಕೊಂಡು ಉಗುರಿನಿಂದ ಬಡಿದರು. ನಾದ ಬರಲಿಲ್ಲ. "ಮರ್ ಗಯಾ, ಸತ್ತುಹೋತು ಇದು," ಎಂದರು. ಆಮೇಲೆ ಅಂಬವ್ವನ ಕೈ ನೋಡಿ, "ನಿನ್ನ ಪಟ್ಟಿ ಎಲ್ಲಿ ಅದ ಬೇಟಿ?" ಎಂದು ಕೇಳಿದರು. ಅವಳು ನನ್ನ ಮುಂಗೈ ನೋಡಿದಳು. ಮುಖ ನೋಡಿದಳು. ನಾನು ನೀರು ನೋಡುತ್ತಿದ್ದೆ.

"ಇಲ್ರೀ," ಎಂದಳು.

"ನಾಳಿಯಿಂದ ಬರಬ್ಯಾಡ."

ಮಾತು ಮಾನ್ವಿಗೆ ಹೋಗುವಷ್ಟರಲ್ಲಿ ಬೆಳೆದಿತ್ತು, ಸಿರವಾರಕ್ಕೆ ಮುಟ್ಟುವಷ್ಟರಲ್ಲಿ ಅಂಬವ್ವ ಕಳ್ಳಿಯೂ ಆಗಿದ್ದಳು. ಒಡಕುಗೈಯ ಹೆಣ್ಣು ಬ್ಯಾಡ ಎಂದು ಗಂಡಿನವರು ಹೇಳಿ ಕಳಿಸಿದರು. ಅಪ್ಪ ಅವಳನ್ನು ದೇವದುರ್ಗಕ್ಕೆ, ನಮ್ಮ ಸೋದರತ್ತೆಯ ಮನೆಗೆ ಬಿಟ್ಟುಬಂದ. ಮತ್ತೆ ಯಾರೂ ಕೇಳಿ ಬರಲಿಲ್ಲ.

ನಾಲ್ಕು ವರ್ಷ ನಾನು ಅದೇ ಮನೆಯಲ್ಲಿ ಕೆಲಸ ಮಾಡಿದೆ. ಗುರುವಾರ ಬಂದರೆ ಕಪ್ಪು ದಾರದ ಆ ಬಟ್ಟಲನ್ನೂ ತೊಳೆದೆ. ತೊಳೆದು ಪ್ರತಿ ಸಲ ಉಗುರಿನಿಂದ ಬಡಿದು ನೋಡುತ್ತಿದ್ದೆ. ಪ್ರತಿ ಸಲ ಒಣ ಕಟ್ಟಿಗೆ. ಗೀಟಿನ ಮೇಲೆ ಉಗುರು ಎಳೆದರೆ ತಡೆಯುತ್ತಿತ್ತು. ಅಳು ಬರುತ್ತಿರಲಿಲ್ಲ. ಉಣ್ಣುತ್ತಿದ್ದೆ, ನಿದ್ದೆ ಬರುತ್ತಿತ್ತು, ಒಂದು ಹೆರಿಗೆಯೂ ಆಯಿತು. ಮೋಟಾರು ಹತ್ತಿದರೆ ದೇವದುರ್ಗ ಒಂದು ಹೊತ್ತಿನ ದಾರಿ. ಹೋಗಲಿಲ್ಲ.

ನಿಜಾಮರ ಆಡಳಿತ ಮುಗಿದ ವರ್ಷ ಸಾಹೇಬರು ರಾಯಚೂರು ಬಿಟ್ಟು ಹೈದರಾಬಾದಿನ ತಮ್ಮನ ಮನೆಗೆ ಹೊರಟರು. ಸಾಮಾನು ಕಟ್ಟುವ ಕೆಲಸ ನನ್ನದಾಯಿತು. ಪೆಟ್ಟಿಗೆಗಳಲ್ಲಿ ಭತ್ತದ ಹುಲ್ಲು ತುಂಬಿ ಪಿಂಗಾಣಿ ಇಟ್ಟೆವು. ಗೊಂಬೆಗಳ ಮುಖಕ್ಕೆ ಮಲ್ಮಲ್ ಬಟ್ಟೆ ಸುತ್ತಿ ಅರಳೆಯಲ್ಲಿ ಮಲಗಿಸಿದೆವು. ಕೊನೆಗೆ ಕಪ್ಪು ದಾರದವು ನಾಲ್ಕು ಉಳಿದವು. ಅವನ್ನು ಒಯ್ಯುವುದಿಲ್ಲ ಎಂದಿದ್ದರು ಸಾಹೇಬರು. ಆದರೂ ರೂಢಿಯ ಪ್ರಕಾರ ಒಂದೊಂದನ್ನೇ ಎತ್ತಿ ಬಡಿದರು. ಮಟಮಟ ಮಧ್ಯಾಹ್ನ, ಕಿಟಕಿಯಲ್ಲಿ ಬಿಸಿಲು. ಮೊದಲ ಮೂರಕ್ಕೆ ನಾದವಿಲ್ಲ.

ಮೀನಿನ ಬಟ್ಟಲು ನಾದ ಕೊಟ್ಟಿತು.

ಅವರು ಮತ್ತೊಮ್ಮೆ ಬಡಿದರು. ಅದೇ ನಾದ. ನನ್ನ ಕೈಗೆ ಕೊಟ್ಟರು. ನಾನು ಬಡಿದೆ. ಬಿಸಿಲಿಗೆ ಹಿಡಿದು ನೋಡಿದೆ, ಮೀನಿನ ತಲೆಯ ಮೇಲೆ ಗೀಟಿಲ್ಲ. ಉಗುರು ಎಳೆದೆ, ನುಣ್ಣಗೆ ಜಾರಿತು. ಮೂರು ದಿನದ ಹಿಂದೆ, ಗುರುವಾರ, ಅಲ್ಲೇ ಉಗುರು ತಡೆದಿತ್ತು. ಬೇರೆ ಬಟ್ಟಲು ಇರಬಹುದೆಂದು ನೀವು ಹೇಳಬಹುದು. ಅಂಥದ್ದು ಆ ಮನೆಯಲ್ಲಿ ಒಂದೇ. ಬುಡದಲ್ಲಿ ಸುಡುವಾಗಲೇ ಅಂಟಿದ್ದ ಒಂದು ಮರಳಿನ ಕಾಳು ಇತ್ತು, ಅದು ಅಲ್ಲೇ ಇತ್ತು. ದಾರವೂ ಸಾಹೇಬರೇ ಕಟ್ಟಿದ್ದು, ನಾಲ್ಕು ವರ್ಷದ ಅಂಟುವಾಳ ಕುಡಿದು ಬಿರುಸಾಗಿತ್ತು. ಗಂಟು ಅವರದ್ದೇ ಎಂದು ಅವರೇ ಹೇಳಿದರು.

ಆಗ ನಾನು ಬಾಯಿ ಬಿಟ್ಟೆ. "ಸಾಹೇಬ್ರ, ಅವತ್ತು ತಾಗಿದ್ದು ನನ್ನ ಹಸರ ಬಳಿ. ನನ್ನ ತಂಗೀದಲ್ರಿ."

ಅವರು ಬಟ್ಟಲನ್ನು ಬೆಳಕಿಗೆ ತಿರುಗಿಸಿದರು. "ಏನು ತಾಗಿದ್ದು? ಒಡದೇ ಇಲ್ಲಲ್ಲ ಇದು," ಎಂದರು. ಆಮೇಲೆ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. "ಆ ಹುಡುಗಿ ಎಲ್ಲಿ ಅದಾಳ ಈಗ?"

"ದೇವದುರ್ಗದಾಗ್ರಿ."

ಅವರು ಚಾಕುವಿನಿಂದ ದಾರ ಕತ್ತರಿಸಿದರು. ಬಟ್ಟಲನ್ನು ತಾವೇ ಹುಲ್ಲಿನಲ್ಲಿ ಸುತ್ತಿ, ತಾವೇ ಮುಚ್ಚಳಕ್ಕೆ ಮೊಳೆ ಹೊಡೆದರು. ಮರುದಿನ ಪೆಟ್ಟಿಗೆಗಳು ರೈಲು ಹತ್ತಿದವು.

ಇದು ಹೇಗಾಯಿತೆಂದು ಬೇಕಾದಷ್ಟು ಯೋಚಿಸಿದ್ದೇನೆ. ನಮ್ಮ ಕಣ್ಣು ಮೊದಲೇ ತಪ್ಪಿತ್ತೇ? ಹಾಗಾದರೆ ಅಷ್ಟು ಗುರುವಾರ ನನ್ನ ಕಿವಿ ಕೇಳಿದ್ದೇನು, ಉಗುರು ತಡೆದದ್ದೇನು? ಪಿಂಗಾಣಿಯ ಸೀಳು ಕೂಡುವುದಿಲ್ಲ ಎಂದು ಕಂಡಕಂಡವರೆಲ್ಲ ಹೇಳಿದ್ದಾರೆ. ನನಗೂ ಗೊತ್ತು. ತಿಳಿಯುವುದಿಲ್ಲ, ಅಷ್ಟೇ ಹೇಳಬಲ್ಲೆ.

ಮೂರನೆಯ ದಿನ ದೇವದುರ್ಗಕ್ಕೆ ಹೋದೆ. ಅಂಬವ್ವ ಅಂಗಳದಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದಳು. ಇಪ್ಪತ್ತಕ್ಕೇ ಮುಖ ಬತ್ತಿತ್ತು. "ಬಾ ಅಕ್ಕಾ, ನೀರು ಕುಡಿ," ಎಂದಳು, ನಿನ್ನೆ ತಾನೆ ಬಂದುಹೋದವಳಿಗೆ ಹೇಳುವ ಹಾಗೆ. ನಾನು ಮೊದಲು ಬಟ್ಟಲಿನ ಸುದ್ದಿ ಹೇಳಿದೆ. ಅಲ್ಲಿಯೂ ಹೇಡಿಯೇ. ಗೀಟು ಇಲ್ಲ, ನಾದ ಬಂತು, ಸಾಹೇಬರೂ ಕೇಳಿದರು ಎಂದೆಲ್ಲ ಹೇಳಿದೆ. ಅವಳ ಕೈ ಹತ್ತಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಒಡದಿಲ್ಲಂದ್ರ ನಾ ಇಲ್ಲಿ ಯಾಕ ಅದೀನಿ ಅಕ್ಕಾ?" ಎಂದಳು.

ಸಿಟ್ಟಿರಲಿಲ್ಲ. ದಾರಿ ಕೇಳುವವರು ಕೇಳುವ ಹಾಗೆ ಕೇಳಿದಳು. ನನಗೆ ಹೇಳುವುದಕ್ಕೆ ಇದ್ದದ್ದು ಒಂದೇ. ಒಳಗಿದ್ದ ಅತ್ತೆಗೂ, ಗೋಡೆಯಾಚೆಯ ಮಂದಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ:

"ನಾ ಮಾಡಿದ್ದಕ್ಕ ನಿನ್ನ ಕಳಿಸಿದ್ರು, ಅಂಬವ್ವಾ. ನಾ ಬಾಜೂಕ ಕುಂತು ಸುಮ್ನಿದ್ದೆ. ತಪ್ಪು ನಂದು. ತಪ್ಪಾತವ್ವಾ, ನನ್ನ ತಂಗೀ, ತಪ್ಪಾತು."